ಅಶ್ವಹೃದಯವೂ ಅಕ್ಷಹೃದಯವೂ

ಕಳೆದ ಕಾರ್ತಿಕಮಾಸದಲ್ಲಿ, ಬಲಿಪಾಡ್ಯಮಿಯ ಮಾರನೆಯ ದಿನ ಬೆಳಗ್ಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದನು. ಇಪ್ಪತ್ತು ವರ್ಷಗಳ ಹಿಂದೆ ಪ್ರೌಢಶಾಲೆಯಲ್ಲಿ ನನ್ನ ಬಳಿ ಸಂಸ್ಕೃತವನ್ನು ಓದಿದವನು. ಶಬ್ದರೂಪಗಳಿಗಿಂತ ಅಂಕಿಗಳಲ್ಲಿಯೇ ಅವನಿಗೆ ಆಗಲೂ ಹೆಚ್ಚಿನ ಪ್ರೀತಿ. ಈಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿರುವನು. ನಮಸ್ಕಾರ, ಕುಶಲಪ್ರಶ್ನೆ, ಕಾಫಿ ಇವೆಲ್ಲವೂ ಆದ ಮೇಲೆ ಅವನು ತನ್ನ ಲ್ಯಾಪ್‌ಟಾಪನ್ನು ತೆರೆದು ನನ್ನ ಮುಂದಿಟ್ಟನು. ಪರದೆಯ ತುಂಬ ಗೆರೆಗಳೂ ಮನೆಗಳೂ, ಮನೆಮನೆಯಲ್ಲಿಯೂ ಅಂಕಿಗಳೂ ಇದ್ದುವು. ಯಾವುದೋ ಸಂಸ್ಥೆಯ ಜಮಾಖರ್ಚೆಂದು ನಾನು ಭಾವಿಸಿದೆನು. ಅದು ಕುದುರೆಗಳ ಪಟ್ಟಿಯಾಗಿತ್ತು.

"ಮೇಷ್ಟ್ರೇ, ನಾಲ್ಕು ವರ್ಷದ ರೇಸುಗಳೆಲ್ಲ ಇದರಲ್ಲಿವೆ. ಯಾವ ಕುದುರೆ ಗೆಲ್ಲುತ್ತದೆ ಎನ್ನುವುದನ್ನು ಇದು ಲೆಕ್ಕ ಹಾಕಿ ಹೇಳುತ್ತದೆ. ಕೆಲಸ ಬಿಟ್ಟು ಇದನ್ನೇ ಮಾಡೋಣ ಎಂದಿದ್ದೇನೆ. ಮೂಲಧನಕ್ಕೆ ಮನೆಯ ಮೇಲೆ ಸಾಲ ತೆಗೆಯಬೇಕು. ಮನೆ ಅಮ್ಮನ ಹೆಸರಿನಲ್ಲಿದೆ. ಅಮ್ಮ ಏನು ಹೇಳಿದರು ಗೊತ್ತೇ? 'ಮೇಷ್ಟ್ರು ಇದು ಜೂಜಲ್ಲ ಎಂದರೆ ರುಜು ಹಾಕುತ್ತೇನೆ' ಎಂದರು. ನೀವೇ ಹೇಳಿ, ಇದು ಜೂಜೋ ಶಾಸ್ತ್ರವೋ?"

ನಾನು ಒಡನೆಯೇ ಉತ್ತರವನ್ನು ಹೇಳಲಾರದೆ ಹೋದೆನು. ಜೂಜೆಂದು ಬೈದು ಕಳುಹಿಸುವುದು ಸುಲಭವಾಗಿತ್ತು. ಆದರೆ ಅರಿಯದ ವಿಷಯವನ್ನು ಬೈಯುವುದು ಅಧ್ಯಾಪಕನಿಗೆ ಶೋಭಿಸತಕ್ಕದ್ದಲ್ಲ. ಆ ಪಟ್ಟಿಯ ಪ್ರತಿಯೊಂದನ್ನು ಕಾಗದದ ಮೇಲೆ ಇಳಿಸಿಕೊಟ್ಟು ಹೋಗೆಂದೂ, ಸಂಕ್ರಾಂತಿಯಾದ ಮೇಲೆ ಬಾರೆಂದೂ ಹೇಳಿ ಕಳುಹಿಸಿದೆನು. ಆ ಎರಡು ತಿಂಗಳುಗಳಲ್ಲಿ ನಾನು ಓದಿದುದನ್ನೂ ಯೋಚಿಸಿದುದನ್ನೂ ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತಿದ್ದೇನೆ. ಪ್ರಶ್ನೆಯು ಒಬ್ಬನದಾದರೂ, ಯಂತ್ರಗಣಿತವು ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಅದು ಅನೇಕರದು.

ಮೊದಲು ಆ ಪಟ್ಟಿಯ ಸ್ವರೂಪವನ್ನು ತಿಳಿಯಬೇಕು. ಕುದುರೆಯೊಂದು 1200 ಮೀಟರುಗಳ ಓಟವನ್ನು ಇಂದು 72 ಸೆಕೆಂಡುಗಳಲ್ಲಿಯೂ, ಮತ್ತೊಂದು ಕುದುರೆಯು ಅಷ್ಟೇ ದೂರವನ್ನು ನಾಳೆ 74 ಸೆಕೆಂಡುಗಳಲ್ಲಿಯೂ ಓಡಿತೆಂದಿಟ್ಟುಕೊಳ್ಳೋಣ. ಮೊದಲನೆಯದೇ ವೇಗಶಾಲಿಯೆಂದು ಸಾಮಾನ್ಯನು ಹೇಳುವನು. ಆದರೆ ರಾತ್ರಿ ಮಳೆ ಬಿದ್ದು ನೆಲವು ತೊಯ್ದು, ನಾಳೆ ಓಡಿದ ಎಲ್ಲ ಕುದುರೆಗಳೂ ವಾಡಿಕೆಗಿಂತ ಮೂರು ಸೆಕೆಂಡು ತಡವಾಗಿ ಮುಟ್ಟಿದ್ದರೆ, 74 ಸೆಕೆಂಡು ತೆಗೆದುಕೊಂಡ ಕುದುರೆಯೇ ಮೇಲಾದುದು. ಆದುದರಿಂದ ಪ್ರತಿಯೊಂದು ದೂರಕ್ಕೂ ಒಂದು ವಾಡಿಕೆಯ ಕಾಲವನ್ನು ಗೊತ್ತುಮಾಡಿಕೊಂಡು, ಆ ದಿನದ ನೆಲವು ಎಷ್ಟು ತಡೆಯಿತು ಅಥವಾ ಎಷ್ಟು ಒದಗಿತು ಎಂಬುದನ್ನು ಕಳೆದು ಕೂಡಿ, ಹಿಂದೆ ಬಿದ್ದ ಕುದುರೆಗಳು ಎಷ್ಟು ಮೈಯಳತೆ ಹಿಂದಿದ್ದುವೆಂಬುದನ್ನು ಕಾಲಕ್ಕೆ ತಿರುಗಿಸಿ, ಎಲ್ಲ ಕುದುರೆಗಳನ್ನೂ ಒಂದೇ ಅಳತೆಗೋಲಿನ ಮೇಲೆ ನಿಲ್ಲಿಸುವ ಸಂಖ್ಯೆಯೊಂದನ್ನು ತೆಗೆಯುವರು. ಇದೇ ವೇಗಾಂಕವು. ಬೇರೆ ಬೇರೆ ದಿನ, ಬೇರೆ ಬೇರೆ ನೆಲ, ಬೇರೆ ಬೇರೆ ದೂರಗಳಲ್ಲಿ ಓಡಿದವುಗಳನ್ನು ಇದರಿಂದ ಹೋಲಿಸಿ ನೋಡಬಹುದು. ಹೊತ್ತ ಭಾರ, ಜಾಕಿಯ ಹೆಸರು, ಕಳೆದ ಓಟವಾಗಿ ಎಷ್ಟು ದಿನವಾಯಿತು ಎಂಬಿವೇ ಮೊದಲಾದುವನ್ನು ನನ್ನ ಶಿಷ್ಯನು ಪಕ್ಕದ ಮನೆಗಳಲ್ಲಿ ಬರೆದಿದ್ದನು. ಸ್ಪ್ರೆಡ್‌ಶೀಟೆಂಬ ಈ ಸಾಧನವು ಒಂದು ಮನೆಯಲ್ಲಿ ಅಂಕಿಯನ್ನು ತಿದ್ದಿದರೆ ಅದನ್ನು ಆಶ್ರಯಿಸಿದ ಎಲ್ಲ ಮನೆಗಳನ್ನೂ ತಾನೇ ತಿದ್ದಿಕೊಳ್ಳುವುದು. ಒಂದು ವಾರದ ಗುಣಾಕಾರ ಭಾಗಾಕಾರಗಳು ಕಣ್ಣೆವೆ ಇಕ್ಕುವುದರೊಳಗೆ ಮುಗಿಯುವುವು.

ಈ ವಿದ್ಯೆಯು ನನ್ನ ಶಿಷ್ಯನ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಫಿಲ್ ಬುಲ್ ಎಂಬಾತನು ಓಟದ ಕಾಲವನ್ನು ಆಧರಿಸಿ ಕುದುರೆಗಳ ಯೋಗ್ಯತೆಯನ್ನು ಲೆಕ್ಕಹಾಕಿ, 1948ರಲ್ಲಿ ಟೈಂಫಾರಂ ಎಂಬ ಪ್ರಕಟನಸಂಸ್ಥೆಯನ್ನು ಸ್ಥಾಪಿಸಿದನು. ಆತನು ಅದಕ್ಕೆ ಮೊದಲು ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯನಾಗಿದ್ದನೆಂಬುದನ್ನು ಓದಿ ನನಗೆ ನಗೆಯೂ ಬಂದಿತು, ಸ್ವಲ್ಪ ಅಂಜಿಕೆಯೂ ಆಯಿತು. ಅಮೆರಿಕದಲ್ಲಿ ಆಂಡ್ರ್ಯೂ ಬೇಯರ್ ಎಂಬ ಪತ್ರಿಕಾಲೇಖಕನು 1975ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವೇಗಾಂಕವನ್ನು ತೆಗೆಯುವ ಕ್ರಮವನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸಿದನು. ಆತನ ಅಂಕಗಳು 1990ರ ದಶಕದಿಂದ ಅಲ್ಲಿಯ ರೇಸುಪತ್ರಿಕೆಯಲ್ಲಿಯೇ ಪ್ರತಿಯೊಂದು ಕುದುರೆಯ ಹೆಸರಿನ ಮುಂದೆ ಅಚ್ಚಾಗತೊಡಗಿದುವು. ಇದರ ಪರಿಣಾಮವೇನಾಯಿತೆಂಬುದನ್ನು ಮುಂದೆ ಹೇಳುವೆನು.

ಇನ್ನು ಧರ್ಮದ ವಿಚಾರ. ನಮ್ಮ ಸ್ಮೃತಿಕಾರರು ಈ ವಿಷಯವನ್ನು ಕಾಣದೆ ಇದ್ದವರಲ್ಲ. ಪ್ರಾಣವಿಲ್ಲದ ವಸ್ತುಗಳಿಂದ ಪಣವನ್ನೊಡ್ಡಿ ಆಡುವುದು ದ್ಯೂತವೆಂದೂ, ಪ್ರಾಣಿಗಳಿಂದ ಆಡಿಸುವುದು ಸಮಾಹ್ವಯವೆಂದೂ ಮನುವು ವಿಭಾಗಿಸಿ, ಎರಡನ್ನೂ ರಾಜನು ತನ್ನ ರಾಜ್ಯದಿಂದ ದೂರಮಾಡತಕ್ಕದ್ದೆಂದು ವಿಧಿಸಿದನು. ಕೌಟಿಲ್ಯನಾದರೋ ಲೋಕವ್ಯವಹಾರವನ್ನು ಬಲ್ಲವನಾಗಿ, ಅವುಗಳನ್ನು ಒಂದೇ ಸ್ಥಳದಲ್ಲಿ ಅಧ್ಯಕ್ಷನೊಬ್ಬನ ಕಣ್ಣಿನ ಕೆಳಗೆ ನಡೆಯಿಸಬೇಕೆಂದೂ, ಗೆದ್ದ ಧನದಲ್ಲಿ ನೂರಕ್ಕೆ ಐದನ್ನು ಅಧ್ಯಕ್ಷನು ತೆಗೆದುಕೊಳ್ಳಬೇಕೆಂದೂ ಹೇಳಿದನು. ನಮ್ಮ ಕಾಲದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಲಕ್ಷ್ಮಣನ್ ಎಂಬವರ ವ್ಯಾಜ್ಯದಲ್ಲಿ, ಕುದುರೆಯ ಓಟವು ಪ್ರಧಾನವಾಗಿ ಕೌಶಲವನ್ನು ಆಶ್ರಯಿಸಿದ ಆಟವೆಂದೂ, ಅದರ ಮೇಲಿನ ಪಣವು ಕಾನೂನಿನ ಅರ್ಥದಲ್ಲಿ ಜೂಜಲ್ಲವೆಂದೂ ತೀರ್ಮಾನಿಸಿತು. ನನ್ನ ಶಿಷ್ಯನು ಈ ತೀರ್ಪನ್ನು ಬಲ್ಲನು. "ನ್ಯಾಯಾಲಯವೇ ಕೌಶಲ ಎಂದಿದೆ, ಮೇಷ್ಟ್ರೇ" ಎಂದು ಅವನು ಎರಡು ಸಲ ಹೇಳಿದನು.

ತೀರ್ಪಿಗೆ ತಲೆಬಾಗೋಣ. ಆದರೆ ಕಾನೂನಿನ ಪ್ರಶ್ನೆಯು ಬೇರೆ, ತಾಯಿಯ ಪ್ರಶ್ನೆಯು ಬೇರೆ. ಕೌಶಲವಿದ್ದ ಮಾತ್ರದಿಂದ ಜೂಜು ಜೂಜಲ್ಲವಾಗುವುದೇ? ಹಸ್ತಿನಾವತಿಯ ಸಭೆಯಲ್ಲಿ ಕೌಶಲವು ಯಾರಲ್ಲಿತ್ತು? ಶಕುನಿಯಲ್ಲಿತ್ತು. ಧರ್ಮರಾಯನಿಗೆ ದಾಳಗಳ ಮೇಲೆ ಪ್ರೀತಿಯಿದ್ದಿತೇ ಹೊರತು ಪರಿಣತಿಯಿರಲಿಲ್ಲ. ಆ ಸಭೆಯಲ್ಲಿ ನಡೆದುದನ್ನು ಕೌಶಲದ ಆಟವೆಂದು ಯಾರೂ ಹೊಗಳಲಿಲ್ಲ. ಆದುದರಿಂದ ನಿಪುಣತೆಯ ಇರವು ಇಲ್ಲಿ ನಿರ್ಣಾಯಕವಾಗಲಾರದು. ಆ ನಿಪುಣತೆಯು ಎಂತಹದು, ಅದು ಯಾವುದನ್ನು ಮಾಡುತ್ತದೆ ಎಂಬುದನ್ನೇ ನೋಡಬೇಕು.

ಇದನ್ನು ನೋಡುವುದಕ್ಕೆ ನಳೋಪಾಖ್ಯಾನಕ್ಕಿಂತ ಉತ್ತಮವಾದ ಕನ್ನಡಿ ನನಗೆ ಕಾಣಲಿಲ್ಲ. ಕನಕದಾಸರ ಕೃಪೆಯಿಂದ ಈ ಕಥೆಯು ಕನ್ನಡಿಗರ ಮನೆಯ ಮಾತಾಗಿದೆ. ನಳನು ಅಶ್ವಹೃದಯವನ್ನು ಬಲ್ಲವನು; ಕುದುರೆಯ ಮನಸ್ಸನ್ನೂ ಶಕ್ತಿಯನ್ನೂ ಅವನಂತೆ ಅರಿತವನು ಲೋಕದಲ್ಲಿ ಇರಲಿಲ್ಲ. ಆದರೂ ಅವನು ಪುಷ್ಕರನೊಡನೆ ಜೂಜಾಡಿ ರಾಜ್ಯವನ್ನು ಕಳೆದುಕೊಂಡನು. ಮುಂದೆ ಬಾಹುಕನೆಂಬ ಹೆಸರಿನಿಂದ ಋತುಪರ್ಣರಾಜನ ಸಾರಥಿಯಾಗಿ ಅಯೋಧ್ಯೆಯಿಂದ ವಿದರ್ಭಕ್ಕೆ ರಥವನ್ನು ಓಡಿಸುತ್ತಿರುವಾಗ, ದಾರಿಯಲ್ಲಿ ಒಂದು ತಾರೆಯ ಮರವು ಕಂಡಿತು. ಋತುಪರ್ಣನು ಆ ಮರವನ್ನು ಒಮ್ಮೆ ನೋಡಿ, ಕೆಳಗೆ ಉದುರಿರುವ ಎಲೆಕಾಯಿಗಳು ಮರದ ಮೇಲಿರುವುವಕ್ಕಿಂತ ನೂರೊಂದು ಹೆಚ್ಚೆಂದೂ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಕಾಯಿಗಳೂ ಇವೆಯೆಂದೂ ಹೇಳಿದನು. ಬಾಹುಕನು ಅದನ್ನು ಮಾತಿನ ಮೇಲೆ ನಂಬಲಿಲ್ಲ. ಸ್ವಯಂವರಕ್ಕೆ ಹೊತ್ತಾಗುತ್ತಿದ್ದರೂ ರಥವನ್ನು ನಿಲ್ಲಿಸಿ, ಇಳಿದು ಎಣಿಸಿ ನೋಡಿದನು. ಲೆಕ್ಕವು ಸರಿಯಾಗಿತ್ತು. ಅಕ್ಷಹೃದಯವನ್ನು ಬಲ್ಲವನಾದುದರಿಂದ ತನಗೆ ಸಂಖ್ಯಾನದಲ್ಲಿ ಈ ನೈಪುಣ್ಯವೆಂದು ರಾಜನು ಹೇಳಿದನು. ಒಂದು ವಿದ್ಯೆಗೆ ಮತ್ತೊಂದು ವಿದ್ಯೆಯೆಂದು ಒಪ್ಪಂದವಾಯಿತು. ಅಕ್ಷಹೃದಯವು ನಳನಿಗೆ ಬಂದೊಡನೆ ಅವನ ದೇಹದಲ್ಲಿದ್ದ ಕಲಿಯು ವಿಷವನ್ನು ಕಾರುತ್ತ ಹೊರಬಿದ್ದನು. ಎಲ್ಲವನ್ನೂ ಎಣಿಸದೆ ಭಾಗದಿಂದ ಸಮಗ್ರವನ್ನು ಊಹಿಸುವ ಗಣಿತವೂ ದಾಳದ ಆಟವೂ ಒಂದಕ್ಕೊಂದು ನಂಟುಳ್ಳುವೆಂಬುದನ್ನು ಈ ಕಥೆಯು ಬಲ್ಲದೆಂದು ಕೆನಡಾದ ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗನು, ಸಂಭಾವ್ಯತೆಯ ಹುಟ್ಟನ್ನು ಕುರಿತ ತನ್ನ 1975ರ ಗ್ರಂಥದಲ್ಲಿ ಎತ್ತಿ ತೋರಿಸಿರುವನು.

ಕಥೆಯಲ್ಲಿ ಎರಡು ಹೃದಯಗಳು ಬೇರೆ ಬೇರೆಯಾಗಿರುವುದನ್ನು ವಾಚಕರು ಗಮನಿಸಬೇಕು. ಕುದುರೆಯನ್ನು ಬಲ್ಲವನು ಪಣವನ್ನು ಬಲ್ಲವನಲ್ಲ. ನನ್ನ ಶಿಷ್ಯನ ಪಟ್ಟಿಯಲ್ಲಿದ್ದುದು ಅಶ್ವಹೃದಯ ಮಾತ್ರ.

ಇದನ್ನು ಸ್ವಲ್ಪ ಬಿಡಿಸಿ ಹೇಳುವೆನು. ಪ್ಯಾರಿಸಿನಲ್ಲಿ ಜೋಸೆಫ್ ಓಲೇ ಎಂಬಾತನು 1860ರ ದಶಕದಲ್ಲಿ ಆರಂಭಿಸಿದ ಪದ್ಧತಿಯಂತೆ, ಪಣವನ್ನು ಒಡ್ಡಿದ ಎಲ್ಲರ ಹಣವೂ ಒಂದೇ ರಾಶಿಗೆ ಬೀಳುವುದು. ನಡೆಸುವವರು ತಮ್ಮ ಭಾಗವನ್ನು ತೆಗೆದುಕೊಂಡು, ಉಳಿದುದನ್ನು ಗೆದ್ದವರಿಗೆ ಹಂಚುವರು. ನಮ್ಮಲ್ಲಿ ಟೋಟೆಂದು ಕರೆಯುವುದು ಇದನ್ನೇ. ಬುಕ್ಕಿಗಳ ಕ್ರಮವು ಬೇರೆಯಾದರೂ ತತ್ತ್ವವು ಒಂದೇ. ಯಾವ ಕುದುರೆಯ ಮೇಲೆ ಜನರು ಹೆಚ್ಚು ಹಣವನ್ನು ಹಾಕುವರೋ ಅದು ಗೆದ್ದರೆ ಒಬ್ಬೊಬ್ಬರಿಗೂ ಬರುವುದು ಕಡಮೆ. ಈಗ ಮೂರು ಸಲಕ್ಕೆ ಒಂದು ಸಲ ಗೆಲ್ಲುವ ಒಳ್ಳೆಯ ಕುದುರೆಯ ಮೇಲೆ, ಗೆದ್ದರೆ ರೂಪಾಯಿಗೆ ಎರಡು ರೂಪಾಯಿ ಬರುವುದೆಂದು ಇಟ್ಟುಕೊಳ್ಳೋಣ. ಒಂದೊಂದು ರೂಪಾಯಿಯಂತೆ 300 ಸಲ ಹಾಕಿದವನಿಗೆ 100 ಸಲ ಗೆಲುವು, 200 ರೂಪಾಯಿ ಬರವು, 100 ರೂಪಾಯಿ ನಷ್ಟ. ಹತ್ತು ಸಲಕ್ಕೆ ಒಂದು ಸಲ ಮಾತ್ರ ಗೆಲ್ಲುವ ಸಾಮಾನ್ಯ ಕುದುರೆಯ ಮೇಲೆ ರೂಪಾಯಿಗೆ ಹನ್ನೆರಡು ಬರುವುದಾದರೆ, 300 ಸಲದಲ್ಲಿ 30 ಗೆಲುವು, 360 ರೂಪಾಯಿ ಬರವು, 60 ರೂಪಾಯಿ ಲಾಭ. ಆದುದರಿಂದ ಯಾವ ಕುದುರೆ ಗೆಲ್ಲುವುದೆಂಬುದು ಪ್ರಶ್ನೆಯೇ ಅಲ್ಲ. ಯಾವ ಕುದುರೆಯ ವಿಷಯದಲ್ಲಿ ಜನರು ತಪ್ಪುತಿಳಿದಿದ್ದಾರೆ ಎಂಬುದೇ ಪ್ರಶ್ನೆ. ಮೊದಲನೆಯದು ಕುದುರೆಯ ಜ್ಞಾನ. ಎರಡನೆಯದು ಮನುಷ್ಯರ ಅಜ್ಞಾನದ ಜ್ಞಾನ.

ಈ ಎರಡನ್ನೂ ಕೂಡಿಸಿ ಗೆದ್ದವರು ಇಲ್ಲವೆಂದಲ್ಲ. ಅಮೆರಿಕದ ವಿಲಿಯಂ ಬೆಂಟರನು 1980ರ ದಶಕದ ಮಧ್ಯಭಾಗದಲ್ಲಿ ಹಾಂಗ್‌ಕಾಂಗಿಗೆ ಹೋಗಿ, ಗಣಕಯಂತ್ರದಿಂದ ಓಟಗಳನ್ನು ಲೆಕ್ಕಹಾಕಿ, ಮೊದಲು ನಷ್ಟಪಟ್ಟು ಆಮೇಲೆ ಅಪಾರವಾದ ಧನವನ್ನು ಸಂಪಾದಿಸಿದನು. 1986ರಲ್ಲಿ ಬೋಲ್ಟನ್ ಮತ್ತು ಚಾಪ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದ್ದ ಗಣಿತಕ್ರಮವು ಅವನಿಗೆ ದಾರಿಯಾಯಿತು. 1994ರಲ್ಲಿ ಅವನೇ ಬರೆದ ಪ್ರಬಂಧದಲ್ಲಿ ಒಪ್ಪಿಕೊಂಡಿರುವಂತೆ, ಅವನ ಲೆಕ್ಕವು ಎಷ್ಟು ಸೂಕ್ಷ್ಮವಾಗಿದ್ದರೂ ತಾನೊಂದೇ ಸಾಲದೆ, ಜನರು ಹಣ ಹಾಕಿದ ಪ್ರಮಾಣವನ್ನೂ ಅದರೊಳಗೆ ಬೆರೆಸಿದಾಗ ಮಾತ್ರ ಫಲಕ್ಕೆ ಬಂದಿತು. ಸಾವಿರಾರು ಜನರ ಅಭಿಪ್ರಾಯವು ಅಷ್ಟರಮಟ್ಟಿಗೆ ತಿಳಿವುಳ್ಳದ್ದು. ಅಲ್ಲಿ ರಾಶಿಯಿಂದ ಮೊದಲೇ ತೆಗೆಯುವ ಭಾಗವು ನೂರಕ್ಕೆ ಸುಮಾರು 17. ಕೌಟಿಲ್ಯನ ಐದಕ್ಕೆ ಮೂರರಷ್ಟಕ್ಕಿಂತ ಹೆಚ್ಚು. ನಮ್ಮ ದೇಶದಲ್ಲಿ 2023ರ ಅಕ್ಟೋಬರಿನಲ್ಲಿ ಪಣದ ಪೂರ್ಣ ಮೊತ್ತದ ಮೇಲೆಯೇ ನೂರಕ್ಕೆ 28ರ ತೆರಿಗೆಯು ಜಾರಿಗೆ ಬಂದಿತು. ಇಷ್ಟನ್ನು ಮೀರಿ ಲಾಭ ಬರಬೇಕಾದರೆ ಇತರರೆಲ್ಲರಿಗಿಂತ ಎಷ್ಟು ಹೆಚ್ಚಾಗಿ ತಿಳಿದಿರಬೇಕೆಂಬುದನ್ನು ಯಾರಾದರೂ ಊಹಿಸಿಕೊಳ್ಳಬಹುದು.

ಇಲ್ಲಿ ನನ್ನ ವಿಷಯವನ್ನೂ ಮುಚ್ಚದೆ ಹೇಳಬೇಕಾಗಿದೆ. ಶಿಷ್ಯನು ಕೊಟ್ಟ ಕಾಗದಗಳನ್ನು ಪರೀಕ್ಷಿಸುವ ನೆವದಿಂದ ನಾನು ಮೂರು ರೇಸಿನ ದಿನಗಳಲ್ಲಿ ಮನಸ್ಸಿನಲ್ಲಿಯೇ ಕುದುರೆಗಳನ್ನು ಆರಿಸಿ, ಮರುದಿನದ ವೃತ್ತಪತ್ರಿಕೆಯಲ್ಲಿ ಫಲಿತಾಂಶವನ್ನು ನೋಡಿದೆನು. ಒಂದು ಕಾಸನ್ನೂ ಹಾಕಲಿಲ್ಲ. ಎರಡನೆಯ ಸಲ ನಾನು ಆರಿಸಿದ ಕುದುರೆಯು ಗೆದ್ದಿತ್ತು. ಆ ದಿನ ನನ್ನ ಸಂಧ್ಯಾವಂದನೆಯಲ್ಲಿ ಗಾಯತ್ರಿಯ ಎಣಿಕೆಯು ತಪ್ಪಿತು. ಮೂರನೆಯ ದಿನ ಬೆಳಗ್ಗೆ ಪತ್ರಿಕೆಯು ಬರುವುದಕ್ಕೆ ಮೊದಲೇ ಎದ್ದು ಬಾಗಿಲಿನಲ್ಲಿ ನಿಂತಿದ್ದೆನು. ನನ್ನ ಮನೆಯವರು "ಯಾರಿಗಾಗಿ ಕಾಯುತ್ತಿದ್ದೀರಿ?" ಎಂದು ಕೇಳಿದರು. ನಾನು "ಯಾರೂ ಇಲ್ಲ" ಎಂದೆನು. ಅರವತ್ತು ದಾಟಿದ ವಯಸ್ಸಿನಲ್ಲಿ, ಹಣದ ಗಂಧವಿಲ್ಲದೆಯೇ, ಒಂದು ಅಂಕಿಯು ನನ್ನಿಂದ ಹೀಗೆ ಸಣ್ಣದೊಂದು ಸುಳ್ಳನ್ನು ಆಡಿಸಿತು. ನಳನೊಳಗೆ ಕಲಿಯು ಪ್ರವೇಶಿಸಿದುದು ಕಾಲು ತೊಳೆಯದ ಅಲ್ಪಾವಕಾಶದಲ್ಲಿ ಎಂಬುದು ನನಗೆ ನೆನಪಾಯಿತು. ಅಂದೇ ಕಾಗದಗಳನ್ನು ಕಟ್ಟಿ ಮೇಲಿಟ್ಟು, ಮರುವಾರ ಬೇರೊಂದು ದೃಷ್ಟಿಯಿಂದ ತೆಗೆದು ನೋಡಿದೆನು. ಶಿಷ್ಯನ ಉತ್ತರಪತ್ರಿಕೆಯನ್ನು ಅಧ್ಯಾಪಕನು ನೋಡುವಂತೆ.

ಆಗ ಒಂದು ವಿಷಯವು ಕಣ್ಣಿಗೆ ಬಿದ್ದಿತು. ಓಟಗಳಿಗೆ ಕ್ರಮಸಂಖ್ಯೆಗಳಿದ್ದುವು, ನಡುನಡುವೆ ಕೆಲವು ಸಂಖ್ಯೆಗಳು ಇರಲಿಲ್ಲ. ಕೊನೆಯ ಹಾಳೆಯಲ್ಲಿ ಅವುಗಳನ್ನು ಬೇರೆಯಾಗಿ ಬರೆದು, "ಮಳೆ", "ಜಾಕಿಯ ತಪ್ಪು", "ಬಿಡುವಾಗ ಗಲಿಬಿಲಿ", "ಲೆಕ್ಕಕ್ಕೆ ಬೇಡ" ಎಂದು ಮುಂದೆ ಕಾರಣಗಳನ್ನು ಕೊಟ್ಟಿದ್ದನು. ಅವನು ಮುಚ್ಚಿಡಲಿಲ್ಲ, ಪಾಪ, ಬಿಟ್ಟುದನ್ನೂ ಬರೆದಿಟ್ಟಿದ್ದನು. ಆದರೆ ಬಿಟ್ಟ ಓಟಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಅವನು ಸೋತವುಗಳು. ಗೆದ್ದ ಓಟಗಳಲ್ಲಿ ಮಳೆಯೇ ಬಿದ್ದಿರಲಿಲ್ಲವೇ? ಅಲ್ಲಿಯ ಜಾಕಿಗಳು ತಪ್ಪೇ ಮಾಡಿರಲಿಲ್ಲವೇ? ನಾನು ಪೆನ್ಸಿಲನ್ನು ತೆಗೆದುಕೊಂಡು ಬಿಟ್ಟವುಗಳನ್ನೂ ಸೇರಿಸಿ ಕೂಡಿದೆನು. ನಾಲ್ಕು ವರ್ಷದ ಲಾಭವು ನಷ್ಟವಾಗಿ ತಿರುಗಿತು.

ವ್ಯಾಕರಣವನ್ನು ಓದಿದವರಿಗೆ ಈ ರೋಗವು ಪರಿಚಿತವೇ ಸರಿ. ಸೂತ್ರಕ್ಕೆ ಅಪವಾದಗಳು ಇರಬಹುದು. ಆದರೆ ಅಪವಾದವನ್ನೂ ಸೂತ್ರವಾಗಿ ಮೊದಲೇ ಹೇಳಿರಬೇಕು. ಪ್ರಯೋಗವು ಕಣ್ಣಿಗೆ ಬಿದ್ದ ಮೇಲೆ, ನನ್ನ ಸೂತ್ರಕ್ಕೆ ಹೊಂದದೆಂದು ಅದನ್ನೇ ಭಾಷೆಯಿಂದ ಅಳಿಸಿಹಾಕುವ ಅಧಿಕಾರವು ಯಾವ ವೈಯಾಕರಣನಿಗೂ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ದೋಷವೂ ಉಂಟು. ಹಿಂದಿನ ಓಟಗಳನ್ನು ಮುಂದಿಟ್ಟುಕೊಂಡು, ಅವುಗಳಿಗೆ ಒಪ್ಪುವವರೆಗೂ ನಿಯಮಗಳನ್ನು ತಿದ್ದುತ್ತ ಹೋದರೆ, ಆ ನಿಯಮಗಳು ಹಿಂದಿನ ಓಟಗಳನ್ನು ಚೆನ್ನಾಗಿಯೇ ವಿವರಿಸುವುವು. ಆದರೆ ಅದು ಉತ್ತರವನ್ನು ನೋಡಿಕೊಂಡು ಲೆಕ್ಕವನ್ನು ಮಾಡಿದ ಹುಡುಗನ ಪಾಂಡಿತ್ಯ. ಪರೀಕ್ಷೆಯು ನಡೆಯುವುದು ನಾಳೆಯ ಓಟದಲ್ಲಿ. ಯಂತ್ರದ ಸೌಕರ್ಯವು ಹೆಚ್ಚಿದಷ್ಟೂ ಈ ಪ್ರಲೋಭನವು ಹೆಚ್ಚು; ಕೈಯಿಂದ ಗುಣಿಸುತ್ತಿದ್ದವನು ಹತ್ತು ನಿಯಮಗಳನ್ನು ಪರೀಕ್ಷಿಸಿ ದಣಿಯುತ್ತಿದ್ದನು, ಯಂತ್ರವುಳ್ಳವನು ಹತ್ತು ಸಾವಿರವನ್ನು ಪರೀಕ್ಷಿಸಿದರೂ ದಣಿಯನು. ಹತ್ತು ಸಾವಿರದಲ್ಲಿ ಕೆಲವು ಕಾಕತಾಲೀಯವಾಗಿ ಸರಿಹೊಂದಲೇಬೇಕಷ್ಟೆ.

ಆದರೂ ಅಂಕಿಗಳಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸದೆ ಇರಲಾಗದು. ಮನುಷ್ಯನ ಮನಸ್ಸು ಗೆದ್ದುದನ್ನು ನೆನೆಯುವುದು, ಸೋತುದನ್ನು ಮರೆಯುವುದು. ಸಾಮಾನ್ಯ ಜೂಜುಗಾರನು ತನ್ನ ನಷ್ಟವನ್ನು ಹೆಂಡತಿಗೆ ಹೇಳನು, ಆಮೇಲೆ ತನಗೇ ಹೇಳಿಕೊಳ್ಳನು. ಈ ಹುಡುಗನು ದಿನದಿನದ ಸೋಲನ್ನೂ ತನ್ನ ಕೈಯಿಂದ ಬರೆದಿದ್ದನು. ಬಿಟ್ಟುದನ್ನು ಬಿಟ್ಟೆನೆಂದು ಬರೆದಿದ್ದುದರಿಂದಲೇ ನನಗೆ ಅವನ ತಪ್ಪು ಸಿಕ್ಕಿತು. ತಾರೆಯ ಮರದ ಬಳಿ ರಥವನ್ನು ನಿಲ್ಲಿಸಿ ಎಣಿಸಿದ ಬಾಹುಕನ ಗುಣವು ಇದು; ಜೂಜುಗಾರನ ಗುಣವಲ್ಲ. ಈ ಭಾಗದಲ್ಲಿ ಅವನ ಕೆಲಸವನ್ನು ಶಾಸ್ತ್ರವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಇನ್ನು ಕಡೆಯ ಪ್ರಶ್ನೆ. ಪಟ್ಟಿಯು ನಿರ್ದುಷ್ಟವಾಗಿದ್ದು, ಬೆಂಟರನದರಂತೆ ನಿಜವಾಗಿಯೇ ಲಾಭವನ್ನು ತರುವುದಾಗಿದ್ದರೆ ನಾನು ಏನನ್ನು ಹೇಳುತ್ತಿದ್ದೆನು? ನಷ್ಟವಾಯಿತೆಂಬ ಕಾರಣದಿಂದ ಅಧರ್ಮವೆನ್ನುವುದು ಸೋತವನ ವೇದಾಂತ. ಆದುದರಿಂದ ಲಾಭ ಬಂದ ಪಕ್ಷವನ್ನೇ ಹಿಡಿದು ವಿಚಾರಿಸಬೇಕು.

ಬೇಯರನ ಅಂಕಗಳು ಪತ್ರಿಕೆಯಲ್ಲಿ ಅಚ್ಚಾಗತೊಡಗಿದ ಮೇಲೆ ಏನಾಯಿತು? ಎಲ್ಲರೂ ಅವುಗಳನ್ನು ನೋಡಿದರು. ಹೆಚ್ಚಿನ ಅಂಕವುಳ್ಳ ಕುದುರೆಯ ಮೇಲೆ ಎಲ್ಲರೂ ಹಣವನ್ನು ಹಾಕಿದರು. ಅದು ಗೆದ್ದರೂ ಬರುವುದು ಕಡಮೆಯಾಯಿತು. ಅಂಕಗಳು ಸುಳ್ಳಾಗಲಿಲ್ಲ. ಅವು ಮೊದಲಿನಷ್ಟೇ ನಿಜವಾಗಿದ್ದುವು, ಆದರೆ ಎಲ್ಲರಿಗೂ ತಿಳಿದುದರಿಂದ ನಿಷ್ಫಲವಾದುವು. ನಾನು ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಕಲಿತ ಮೊದಲನೆಯ ಮಾತುಗಳಲ್ಲಿ ಒಂದು, ವಿದ್ಯೆಯೆಂಬ ಧನವು ಕೊಟ್ಟಷ್ಟೂ ಬೆಳೆಯುವುದೆಂಬುದು. ಮೂವತ್ತೈದು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟೆನು. ಕೊಟ್ಟೊಡನೆ ಸಾಯುವ ವಿದ್ಯೆಯೊಂದುಂಟೆಂಬುದು ನನಗೆ ಈ ಪಟ್ಟಿಯಿಂದ ತಿಳಿಯಿತು. ಅದರ ಜೀವವು ಇತರರ ಅಜ್ಞಾನದಲ್ಲಿದೆ. ಅವರು ಅರಿತರೆ ಇವನು ಬಡವನಾಗುವನು. ಆದುದರಿಂದ ಅವರು ಅರಿಯದೆ ಇರಲೆಂದು ಇವನು ಹಾರೈಸಬೇಕು. ಶಿಷ್ಯನಿಗೆ ಕಲಿಸಲಾಗದ, ಗೆಳೆಯನಿಗೆ ಹೇಳಲಾಗದ ಈ ಅರಿವು ಮನುಷ್ಯನನ್ನು ಎಂತಹ ಒಂಟಿತನಕ್ಕೆ ನೂಕುವುದೆಂಬುದನ್ನು ಯೋಚಿಸಬೇಕಾಗಿದೆ.

"ವ್ಯಾಪಾರಿಯೂ ಹೀಗೆಯೇ ಅಲ್ಲವೇ?" ಎಂದು ಕೆಲವರು ಕೇಳಬಹುದು. ಅಡಕೆಯ ಧಾರಣೆ ಏರುವುದೆಂದು ಮೊದಲೇ ಊಹಿಸಿದವನು ಅದನ್ನು ಊರಿಗೆಲ್ಲ ಸಾರುವನೇ? ಈ ಆಕ್ಷೇಪಣೆಯಲ್ಲಿ ಸತ್ತ್ವವಿದೆ. ಇದನ್ನು ಪೂರ್ತಿಯಾಗಿ ತಳ್ಳಿಹಾಕಲು ನನ್ನಿಂದಾಗದು. ಆದರೂ ವ್ಯಾಪಾರವಾದ ಮೇಲೆ ಕೊಂಡವನ ಮನೆಯಲ್ಲಿ ಅಡಕೆಯಾದರೂ ಇರುವುದು, ಮಾರಿದವನಿಗೆ ಬೆಲೆಯಾದರೂ ಇರುವುದು. ರಾಶಿಯ ಪಣದಲ್ಲಿ ಇವನಿಗೆ ಬಂದ ಪ್ರತಿಯೊಂದು ರೂಪಾಯಿಯೂ ಬೇರೊಬ್ಬನ ಜೇಬಿನಿಂದ ಹೊರಟು ಬಂದುದು. ಅವನ ಬಳಿ ಉಳಿಯುವುದು ಹರಿದ ಚೀಟಿ. ವಿನೋದಕ್ಕಾಗಿ ನೂರು ರೂಪಾಯಿಯನ್ನು ಕಳೆದು ನಗುತ್ತ ಹೋಗುವವನಿಗೆ ಆ ಮಧ್ಯಾಹ್ನದ ಸಂತೋಷವೇ ಬೆಲೆಯೆಂದು ಒಪ್ಪೋಣ. ಆದರೆ ರಾಶಿಗೆ ಬಿದ್ದ ಹಣದಲ್ಲಿ ಅವನದು ಯಾವುದು, ಮಗಳ ಶಾಲೆಯ ಫೀಜಿಗೆಂದು ಇಟ್ಟುದನ್ನು ತಂದವನದು ಯಾವುದು ಎಂದು ಯಾವ ಪಟ್ಟಿಯೂ ಬಿಡಿಸಿ ಹೇಳದು. ನನ್ನ ಶಿಷ್ಯನ ಹಾಳೆಗಳಲ್ಲಿ ಕುದುರೆಗೆ ಮನೆಯಿತ್ತು, ಜಾಕಿಗೆ ಮನೆಯಿತ್ತು, ನೆಲದ ತೇವಕ್ಕೂ ಮನೆಯಿತ್ತು. ಆ ಮನುಷ್ಯನಿಗೆ ಮಾತ್ರ ಮನೆಯಿರಲಿಲ್ಲ.

ನಳನು ಅಕ್ಷಹೃದಯವನ್ನು ಪಡೆದು ಏನು ಮಾಡಿದನು? ಹಿಂದೆ ಕಲಿಯ ವಶನಾಗಿ ತಿಂಗಳುಗಟ್ಟಲೆ ಆಡಿದವನು, ಈಗ ಪುಷ್ಕರನೆದುರಿಗೆ ಒಂದೇ ಪಣವನ್ನು ಆಡಿ, ತನ್ನದನ್ನು ಗೆದ್ದು, ಅಲ್ಲಿಗೆ ನಿಲ್ಲಿಸಿದನು. ಸೋತ ಪುಷ್ಕರನನ್ನು ಹೀನೈಸದೆ, ಹಿಂದೆ ಆದುದು ಕಲಿಯ ಕೆಲಸವೆಂದು ಹೇಳಿ, ಅವನ ಭಾಗವನ್ನು ಅವನಿಗೇ ಕೊಟ್ಟು ಮರ್ಯಾದೆಯಿಂದ ಕಳುಹಿಸಿದನು. ಇನ್ನೂ ಒಂದು ಸಂಗತಿಯುಂಟು. ಈ ಕಥೆಯನ್ನು ವನವಾಸದಲ್ಲಿದ್ದ ಧರ್ಮರಾಯನಿಗೆ ಹೇಳಿದ ಬೃಹದಶ್ವಮುನಿಯು, ಕೊನೆಯಲ್ಲಿ ಅಕ್ಷಹೃದಯವನ್ನು ಅವನಿಗೂ ಉಪದೇಶಿಸುವನು. ಯಾತಕ್ಕಾಗಿ? ಮತ್ತೆ ಯಾರಾದರೂ ಜೂಜಿಗೆ ಕರೆದಾರೆಂಬ ಅವನ ಭಯವು ಹೋಗಲೆಂದು. ಆ ವಿದ್ಯೆಯನ್ನು ಪಡೆದ ಧರ್ಮರಾಯನು ರಾಜ್ಯವನ್ನು ಮರಳಿ ಗಳಿಸಲು ದಾಳಗಳ ಬಳಿಗೆ ಹೋಗಲಿಲ್ಲ. ಲೆಕ್ಕದ ಅರಿವಿಗೆ ಇದೊಂದು ಉತ್ತಮವಾದ ಉಪಯೋಗವೆಂದು ನನಗೆ ತೋರುತ್ತದೆ. ಅಮೆರಿಕದ ಜಾನ್ ಕೆಲ್ಲಿ ಎಂಬ ವಿಜ್ಞಾನಿಯು 1956ರಲ್ಲಿ, ಎಷ್ಟು ಪಣವನ್ನು ಒಡ್ಡಬೇಕೆಂಬುದಕ್ಕೆ ಒಂದು ಗಣಿತಸೂತ್ರವನ್ನು ಕೊಟ್ಟನು. ಇತರರಿಗಿಂತ ಹೆಚ್ಚಿನ ಅರಿವು ನಿನಗೆ ಇಲ್ಲವಾದರೆ ಆ ಸೂತ್ರವು ಕೊಡುವ ಉತ್ತರವು ಸೊನ್ನೆ. ಸೊನ್ನೆಯೂ ಒಂದು ಉತ್ತರವೆಂಬುದನ್ನು ಮೇಷ್ಟರಿಗಿಂತ ಚೆನ್ನಾಗಿ ಯಾರು ಬಲ್ಲರು?

ಸಂಕ್ರಾಂತಿಯ ಮೂರನೆಯ ದಿನ ಶಿಷ್ಯನು ಬಂದನು. ಎಳ್ಳುಬೆಲ್ಲವನ್ನು ಕೊಟ್ಟು, ಕಾಗದಗಳನ್ನು ಅವನ ಮುಂದಿಟ್ಟು, ಪೆನ್ಸಿಲಿನ ಮೊತ್ತವನ್ನು ತೋರಿಸಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ "ಆ ಓಟಗಳು ನಿಜವಾಗಿಯೂ ಲೆಕ್ಕಕ್ಕೆ ಬರುವಂಥವಲ್ಲ, ಮೇಷ್ಟ್ರೇ" ಎಂದನು. ನಾನು "ಇರಬಹುದಪ್ಪ. ಹಾಗಾದರೆ ಯಾವುದನ್ನು ಬಿಡುವೆ ಎನ್ನುವುದನ್ನು ಓಟಕ್ಕೆ ಮೊದಲೇ ಬರೆದಿಡು. ಒಂದು ವರ್ಷ ಹಣ ಹಾಕದೆ ಬರೆ. ಆಮೇಲೆ ಬಂದು ನನಗೆ ಮೂರು ಮಾತು ಹೇಳು: ಮೊತ್ತ ಎಷ್ಟಾಯಿತು, ಈ ವಿದ್ಯೆಯನ್ನು ನಿನ್ನ ಮಗನಿಗೆ ಹೇಳಿಕೊಡುವೆಯೋ ಇಲ್ಲವೋ, ನಿನಗೆ ಬಂದ ಹಣ ಯಾರದೋ ಅವನನ್ನು ಕಣ್ಣಿಟ್ಟು ನೋಡಬಲ್ಲೆಯೋ ಇಲ್ಲವೋ" ಎಂದೆನು. ಮೂರು ದಿನ ನಾನು ಬಾಗಿಲಿನಲ್ಲಿ ಕಾದು ನಿಂತ ಕಥೆಯನ್ನೂ ಹೇಳಿದೆನು. ಅದನ್ನು ಕೇಳಿ ಅವನು ಮೊದಲ ಸಲ ನಕ್ಕನು.

ಅವನು ಕೆಲಸವನ್ನು ಬಿಟ್ಟಿಲ್ಲ. ಪಟ್ಟಿಯನ್ನೂ ಬಿಟ್ಟಿಲ್ಲವೆಂದು ಕೇಳಿರುವೆನು. ಅವನ ತಾಯಿಯವರು ಈಚೆಗೆ ದೂರವಾಣಿಯಲ್ಲಿ "ಜೂಜೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳಿಬಿಡಿ, ಮೇಷ್ಟ್ರೇ" ಎಂದು ಕೇಳಿದರು. ಒಂದೇ ಮಾತಿನಲ್ಲಿ ಹೇಳಲಾಗಲಿಲ್ಲ. ಎಣಿಕೆಯು ಶಾಸ್ತ್ರ, ಎಣಿಸಿದುದನ್ನು ಮನೆಯ ಮೇಲೆ ಸಾಲ ತೆಗೆದು ರಾಶಿಗೆ ಹಾಕುವುದು ಜೂಜು. ಆದುದರಿಂದ ರುಜುವನ್ನು ಹಾಕಬೇಡಿರೆಂದೂ, ಹುಡುಗನನ್ನು ಬೈಯಬೇಡಿರೆಂದೂ ಆ ತಾಯಿಗೆ ತಿಳಿಸಿರುವೆನು. ಈ ವಿಚಾರದಲ್ಲಿ ನನಗಿಂತ ಹೆಚ್ಚಾಗಿ ತಿಳಿದ ವಾಚಕಮಹಾಶಯರು ನನ್ನನ್ನು ತಿದ್ದಿದರೆ ಸಂತೋಷದಿಂದ ತಿದ್ದಿಕೊಳ್ಳುವೆನು.